ಗೋಣಿಯ ಮೇಲಿನ ಗುರುತು

ಯಂತ್ರ ಸತ್ತಿಲ್ಲ. ಕಿವಿಗೊಟ್ಟರೆ ಫ್ಯಾನು ತಿರುಗುತ್ತಿದೆ,
ಡಿಸ್ಕು ಒಳಗೊಳಗೇ ಗೊಣಗುತ್ತಿದೆ.
ಮುಖ ಮಾತ್ರ ಇಲ್ಲ.
ಕಪ್ಪು ಗಾಜಿನ ಎಡಮೂಲೆಯಲ್ಲಿ
ಒಂದು ಗೀಟು ಮಿಣುಕುತ್ತದೆ, ಆರುತ್ತದೆ,
ಏನು ಬೇಕೆಂದು ಕೇಳಿ
ಉತ್ತರಕ್ಕೆ ಕಾಯುವ ಅಂಗಡಿ ಹುಡುಗನ ಹಾಗೆ.

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್,
ಫೆಬ್ರವರಿ, ರಾತ್ರಿ ಒಂಬತ್ತೂವರೆ.
ಬಣ್ಣ ನೋಡಿ ಕಾಳು ಆರಿಸುವ ಮಿಷನ್ನಿಗೆ
ಕಣ್ಣಿದೆ, ಉಸಿರಿದೆ:
ಕರಿಕಾಳು ಕಂಡರೆ ಉಫ್ ಎಂದು ಊದಿ ಆಚೆ ತಳ್ಳುತ್ತದೆ.
ಅದಕ್ಕೆ ಅಪ್ಪಣೆ ಕೊಡುವ ಪರದೆ
ಮಧ್ಯಾಹ್ನ ಕರೆಂಟು ಎದ್ದುಬಿದ್ದಾಗ ಸುಟ್ಟಿತು.
ಗೋದಾಮಿನಿಂದ ಹಳೆಯದೊಂದನ್ನು ಹೊತ್ತು ತಂದರು,
ಬೆನ್ನು ಉಬ್ಬಿದ, ಒಳಗೆ ಹಲ್ಲಿ ಮೊಟ್ಟೆಯಿಟ್ಟ ಮಾನಿಟರು.
ಆಮೇಲೆ ಅಂದರು:
ಟಿ.ವಿ. ಷರೀಫರ ಮಗಳು ಬರಲಿ.

ಉಪ್ಪನ ಕಾಲದಲ್ಲಿ
ಚಿತ್ರ ಉರುಳಿದರೆ ಹಿಂದೊಂದು ತಿರುಪು ಇರುತ್ತಿತ್ತು.
ಅವರು ಹಿಂದೆ ಕೂತು ತಿರುಗಿಸುವುದು, ನಾನು ಮುಂದೆ ನಿಂತು
ಇನ್ನೂ, ಇನ್ನೂ, ಹಾಂ ನಿಂತಿತು, ಅನ್ನುವುದು.
ಈಗ ತಿರುಪಿಲ್ಲ, ಒಂದು ಕಡತವಿದೆ.
ಅದರಲ್ಲಿ ಬರೆಯಬೇಕು: ಅಗಲ ಇಷ್ಟು, ಎತ್ತರ ಇಷ್ಟು,
ಅಡ್ಡಗೆರೆ ಸೆಕೆಂಡಿಗೆ ಮೂವತ್ತೊಂದು ಸಾವಿರದಿಂದ
ನಲವತ್ತೆಂಟು ಸಾವಿರದವರೆಗೆ,
ಮೀರಿದರೆ ಗಾಜು ಕೀರಲು ದನಿಯಲ್ಲಿ ಅಳುತ್ತದೆ.
ಕಣ್ಣಿಗೆ ಕಾಣಬೇಕಾದ್ದನ್ನೆಲ್ಲ
ಕಾಣುವ ಮೊದಲೇ ಮಾತಿನಲ್ಲಿ ಹೇಳಿ ಮುಗಿಸಬೇಕು.

ಸ್ಟಾರ್ಟ್-ಎಕ್ಸ್, ಎಂದು ಒತ್ತಿದೆ.
ಪರದೆ ಒಮ್ಮೆ ಕೆಮ್ಮಿತು. ಮತ್ತದೇ ಕಪ್ಪು, ಅದೇ ಗೀಟು.
ಲಾಗ್ ತೆರೆದು ನನಗೆ ನಾನೇ ಓದಿಕೊಂಡೆ:
"ಡ್ರೈವರ್ ಸಿಗುತ್ತಿಲ್ಲ."
ಬಾಗಿಲಿಂದ ವಾಚ್‌ಮನ್ ಬೆಳ್ಯಪ್ಪ ತಟ್ಟನೆ,
"ಇಲ್ಲೇ ಟೀ ಕುಡಿಯೋಕೆ ಹೋಗಿದಾನೆ,
ಲೋಡಾದ್ರೆ ಫೋನ್ ಮಾಡಿ ಅಂದ."

ನನ್ನ ಬೆನ್ನ ಹಿಂದೆ ಉದ್ದ ಮೇಜು,
ಟ್ಯೂಬ್‌ಲೈಟಿನ ಕೆಳಗೆ ಆರು ಹೆಂಗಸರು.
ಈ ಮಿಷನ್ ಬರುವ ಮುಂಚೆ ಅರವತ್ತು ಜನ ಇದ್ದರಂತೆ.
ಇವತ್ತು ಅದು ನಿಂತಿದ್ದಕ್ಕೆ
ಮನೆ ಸೇರಿದ್ದವರನ್ನು ಆಟೋ ಕಳಿಸಿ ಕರೆಸಿದ್ದಾರೆ, ಓವರ್‌ಟೈಮು.
ಕರಿದು, ಒಡಕು, ಹುಳುಕು ಎಡಕ್ಕೆ.
ಉಳಿದದ್ದು ಬಲಕ್ಕೆ.
ಕಣ್ಣು ಮಾತಿನಲ್ಲಿದ್ದರೂ ಬೆರಳು ತಪ್ಪುವುದಿಲ್ಲ,
ನನ್ನ ಕೀಲಿಮಣೆಗಿಂತ ಚುರುಕು ಆ ಟಪಟಪ.
"ಇನ್ನೂ ಎಷ್ಟೊತ್ತಾಗುತ್ತಮ್ಮಾ?"
ಮುತ್ತಕ್ಕಿ ಕೇಳಿದಳು, ಕೈ ನಿಲ್ಲಿಸದೆ.
ಬೇಗ ಆಗಲಿ ಎಂದೋ, ಆಗದಿರಲಿ ಎಂದೋ,
ದನಿಯಲ್ಲಿ ಗೊತ್ತಾಗಲಿಲ್ಲ.
ತಿರುಗಿ ಕೇಳುವ ಧೈರ್ಯ ನನಗೂ ಇರಲಿಲ್ಲ.

ಡ್ರೈವರ್ ಹೆಸರು ಬದಲಿಸಿದೆ,
ಯಾವ ಗಾಜಿಗೂ ಹೊಂದಿಕೊಳ್ಳುವ ಹಳೇ ಮಾಮೂಲಿಯದು.
ಮತ್ತೆ ಕೆಮ್ಮು. ನಲವತ್ತೇಳನೇ ಸಾಲಿನಲ್ಲಿ ತಪ್ಪು.
ಕಣ್ಣುಜ್ಜಿ ಓದಿದೆ, ಎದ್ದು ನೀರು ಕುಡಿದು ಬಂದು ಓದಿದೆ.
ಹೆಸರಿನ ಮುಂದೆ ಉದ್ಧರಣ ಚಿಹ್ನೆ ಇದೆ,
ಹಿಂದಿನದು ಬದಲಿಸುವಾಗ ಬಿದ್ದುಹೋಗಿದೆ.
ಕಾಫಿ ಹಣ್ಣಿನಲ್ಲಿ ಬೀಜ ಎರಡು,
ಹೊಟ್ಟೆಗೆ ಹೊಟ್ಟೆ ತಾಗಿಸಿ ಮಲಗಿರುತ್ತವೆ.
ಅಪರೂಪಕ್ಕೆ ಒಂಟಿಯಾಗಿ ದುಂಡಗೆ ಬೆಳೆದದ್ದು ಪೀಬರಿ,
ಅದಕ್ಕೆ ಪೇಟೆಯಲ್ಲಿ ಮರ್ಯಾದೆ ಹೆಚ್ಚು.
ಇಲ್ಲಿ ಒಂಟಿ ನಡೆಯುವುದಿಲ್ಲ. ಜೋಡಿ ಮಾಡಿದೆ.

ಸ್ಟಾರ್ಟ್-ಎಕ್ಸ್.

ಕಪ್ಪು.
ಕಪ್ಪೇ.
ಹಳೇ ಗಾಜಿನೊಳಗೆ ಏನೋ ಚಟ್ ಎಂದಿತು,
ಆಮೇಲೆ ಬೂದಿ ಬಣ್ಣದ ನೇಯ್ಗೆ,
ಹಾಸು ಹೊಕ್ಕು, ಅಂಚಿನಿಂದ ಅಂಚಿಗೆ ಬಿಚ್ಚಿ ಹರಡಿದ ಗೋಣಿ,
ಅದರ ನಟ್ಟನಡುವೆ ಒಂದು ಕತ್ತರಿ ಗುರುತು.
ಮೌಸ್ ಅಲುಗಿಸಿದೆ. ಗುರುತೂ ಅಲುಗಿತು.

ಮುತ್ತಕ್ಕಿ ಎದ್ದು ಬಂದಳು, ಸೆರಗಿನಲ್ಲಿ ಕೈ ಒರೆಸುತ್ತ.
ಅವಳ ಲೆಕ್ಕದಲ್ಲಿ ಕತ್ತರಿ ಗುರುತೆಂದರೆ
ತೇವ ಹೆಚ್ಚಾಗಿ ವಾಪಸ್ಸಾಗುವ ಮೂಟೆ;
ಇದ್ದಿಲು ಹಿಡಿದು ಅವಳೇ ಗೀಚುವುದು.
"ಇದೂ ರಿಜೆಕ್ಟಾ?"
"ಇಲ್ಲ, ಇದರಲ್ಲಿ ಹಾಗಂದರೆ
ನಾನಿಲ್ಲಿದ್ದೇನೆ ಅಂತ."

ಅವಳು ಗುರುತನ್ನು ನೋಡಿದಳು, ನನ್ನನ್ನು ನೋಡಿದಳು,
ಮೇಜಿನ ಮೇಲೆ ಬಾಯಿ ಬಿಚ್ಚಿದ ಅರ್ಧ ಮೂಟೆಯ ಕಡೆ
ಗದ್ದ ತೋರಿಸಿದಳು.
"ಅದೊಂದು ಮುಗೀಲಿ."

ಆರಿಸುವ ಪ್ರೋಗ್ರಾಮು ಏಳಲು ಒಂದೇ ಪದ ಬಾಕಿ.
ಬೆರಳನ್ನು ಕೀಲಿಯಿಂದ ಎತ್ತಿದೆ.
ಬೂದಿ ಗೋಣಿಯ ಮೇಲೆ ಆ ಗುರುತನ್ನು ಅತ್ತಿತ್ತ ಓಡಿಸುತ್ತ ಕೂತೆ,
ಕೆಲಸ ಇನ್ನೂ ನಡೆಯುತ್ತಿದೆ
ಎನ್ನುವ ಹಾಗೆ.