ಬುಧವಾರದ ಅಂಟು

ಬುಧವಾರ ಹತ್ತೂವರೆಗೆ 'ಕೈಕೆಲಸ' ಎಂದು
ಗೋಡೆಯ ವೇಳಾಪಟ್ಟಿಯಲ್ಲಿ ಬರೆದವನು ನಾನೇ.
ಹಸಿರು ಸ್ಕೆಚ್ಚಿನಲ್ಲಿ, ಅಡಿಗೆರೆ ಸಮೇತ.
ಆಗ ಉಮೇದಿತ್ತು,
ಇಬ್ಬರನ್ನೂ ಸ್ಕೂಲು ಬಿಡಿಸಿ ಮೂರನೇ ದಿನ.

ಈಗ ಬುಧವಾರ ಬಂತೆಂದರೆ ಸಾಕು
ನನಗೆ ಭಾಗಾಕಾರ ನೆನಪಾಗುತ್ತದೆ.
'ಶೇಷ ಯಾಕೆ ಉಳಿಯುತ್ತೆ ಗೊತ್ತಾ?' ಎಂದು ಶುರುಮಾಡಿ
ಹನ್ನೆರಡರವರೆಗೆ ಎಳೆಯುತ್ತೇನೆ.
ಹೋದ ವಾರ ರಸಬಾಳೆಯ ಚಿಪ್ಪು ತಂದು
ಭಿನ್ನರಾಶಿ ಮಾಡಿದೆವು, ತಿಂದೆವು.
ಅದರ ಹಿಂದಿನ ವಾರ ನನಗೆ ತಲೆನೋವು.
ಅದಕ್ಕೂ ಹಿಂದೆ, ಫೆವಿಕಾಲ್ ಮುಗಿದಿದೆ ಅಂದಿದ್ದೆ;
ಡಬ್ಬಿ ಬೀರುವಿನಲ್ಲಿ, ನನ್ನ ಅಂಗಿಗಳ ಹಿಂದಿತ್ತು.

ಬೇರೆ ಏನು ಕೇಳಿದರೂ ಹೇಳಿಕೊಡುತ್ತೇನೆ:
ಹಲ್ಲಿಯ ಬಾಲ, ಲೋಪಸಂಧಿ,
ಚಾಮುಂಡಿ ಬೆಟ್ಟಕ್ಕೆ ನೀರು ಹೇಗೆ ಹತ್ತುತ್ತೆ.
ಆದರೆ ಆ ಮಿಂಚುಪುಡಿ!
ಒಮ್ಮೆ ಚೆಲ್ಲಿದರೆ ಯುಗಾದಿವರೆಗೂ ಸಾರಿನಲ್ಲಿ ಸಿಗುತ್ತದೆ.
ಆ ಐಸ್‌ಕ್ರೀಮ್ ಕಡ್ಡಿ, ಆ ಉಣ್ಣೆಯ ಉಂಡೆ,
ಮಾಡಿದ್ದನ್ನು ಎಸೆಯುವಂತಿಲ್ಲ, ಇಡಲು ಜಾಗವಿಲ್ಲ.

ಇದೆಲ್ಲ ನೆಪ.

ಏಳನೇ ಕ್ಲಾಸಿನಲ್ಲಿ ತೆಂಗಿನ ಚಿಪ್ಪಿನ ದೀಪ.
ಸೋದರಮಾವ ರಾತ್ರಿಯೆಲ್ಲ ಉಜ್ಜಿ ಉಜ್ಜಿ
ಕನ್ನಡಿ ಮಾಡಿಕೊಟ್ಟಿದ್ದ.
ನನಗೆ ಮೊದಲ ಬಹುಮಾನ, ಒಂದು ಸ್ಟೀಲ್ ಲೋಟ.
ರುದ್ರಮಣಿ ಮೇಷ್ಟ್ರು ದೀಪವನ್ನು ತಿರುಗಿಸಿ ತಿರುಗಿಸಿ ನೋಡಿ,
ನಗುತ್ತಲೇ,
'ಇನ್ನೊಂದು ಮಾಡಿ ತೋರ್ಸಪ್ಪ ಎಲ್ಲರಿಗೂ' ಎಂದು
ಒಂದು ಚಿಪ್ಪು, ಒಂದು ಗರಗಸದ ಅಲಗು ಕೈಗೆ ಕೊಟ್ಟರು.
ಗಂಟೆ ಹೊಡೆಯುವವರೆಗೂ ನಿಂತಿದ್ದೆ.
ಚಿಪ್ಪು ತನ್ನ ಮೂರೂ ಕಣ್ಣಿಂದ ನನ್ನನ್ನೇ ನೋಡುತ್ತಿತ್ತು.

ಲೋಟ ಈಗಲೂ ಇದೆ. ಮಕ್ಕಳು ಅದರಲ್ಲಿ ಮಜ್ಜಿಗೆ ಕುಡಿಯುತ್ತಾರೆ.

ಈ ಬುಧವಾರ ಡಬ್ಬಿ ಸಿಕ್ಕಿಬಿಟ್ಟಿತು.
'ಅಪ್ಪಾ, ಫೆವಿಕಾಲ್ ನಿನ್ನ ಅಂಗಿ ಹಾಕ್ಕೊಳುತ್ತಾ?'
ಅಷ್ಟೇ ಕೇಳಿದಳು ಇಂಪನಾ.
ಚಪ್ಪಲಿಯ ರಟ್ಟಿನ ಪೆಟ್ಟಿಗೆ ತಂದು ನಡುವೆ ಇಟ್ಟಳು.
ಅಮ್ಮನ ಊಟದ ಡಬ್ಬಿಗೆ ಒಂದು ಮನೆ ಬೇಕಂತೆ.
ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ
ಭಾಗ್ಯಲತಾ ಬೋಗಿಗಳ ಚಕ್ರ ಬಿಚ್ಚಿ ಕೂಡಿಸುತ್ತಿರುವಾಗ
ಡಬ್ಬಿ ಒಂದೇ ಬೆಂಚಿನ ಮೇಲೆ ಒಬ್ಬಂಟಿ ಕೂತಿರುತ್ತೆ,
ಪಾಪ, ಎಂದ ಯದು.
ಕಿಟಕಿ ಇರಲೇಬೇಕು,
ಇಲ್ಲದಿದ್ದರೆ ಚಿತ್ರಾನ್ನಕ್ಕೆ ಉಸಿರು ಕಟ್ಟುತ್ತೆ.

ಕಿಟಕಿ ನನ್ನ ಪಾಲಿಗೆ ಬಂತು.
ಅಳೆದೆ. ಮತ್ತೆ ಅಳೆದೆ. ನಾಲ್ಕು ಸೆಂಟಿಮೀಟರಿಗೆ ಮೂರು.
ಕತ್ತರಿ ಹಿಡಿದ ಕೈ ಬೆವೆತಿತು.
ಕತ್ತರಿಸಿ ಮುಗಿದಾಗ ಅದು ಮಾವಿನಕಾಯಿಯ ಹಾಗಿತ್ತು.
ಯದು ತಲೆ ಓರೆ ಮಾಡಿ ನೋಡಿದ.
ಗಂಟೆ ಯಾವಾಗ ಹೊಡೆಯುತ್ತೋ ಎಂದು ಕಾದೆ.
'ಅಪ್ಪ ಅಂಟು ಒತ್ತಿ ಹಿಡ್ಕೊಳ್ಳಲಿ,' ತೀರ್ಪಾಯಿತು,
'ಅಪ್ಪಂಗೆ ಅದು ಬರುತ್ತೆ.'

ಇಪ್ಪತ್ತು ನಿಮಿಷ
ಎರಡು ರಟ್ಟುಗಳನ್ನು ಒತ್ತಿ ಹಿಡಿದು ಕೂತೆ.
ಮೂಗು ತುರಿಸಿತು.
ಬೀದಿಯಲ್ಲಿ ಹೂವಿನವಳು ಮೊಳ ಇಪ್ಪತ್ತು ಎಂದು ಕೂಗಿ ಹೋದಳು.
ಒಳ್ಳೆಯ ಲೆಕ್ಕವೊಂದು ಬಾಯಿಗೆ ಬಂತು. ನುಂಗಿದೆ.

ಸಂಜೆ ಅವಳು ಬಂದು
ಉಗುರಿನ ಗ್ರೀಸನ್ನು ಸೋಪುಪುಡಿ ಹಾಕಿ ಉಜ್ಜಿ ತೊಳೆದು
ಮನೆಯನ್ನು ಎತ್ತಿದಳು. ತಳ ಕಳಚಿತು.
ಟನ್ನುಗಟ್ಟಲೆ ಕಬ್ಬಿಣ ಕೂಡಿಸಿ ಓಡಿಸುವವಳು
ಏನೂ ರಿಪೇರಿ ಮಾಡಲಿಲ್ಲ.
ಮಾರನೆಯ ಬೆಳಿಗ್ಗೆ ತಳಕ್ಕೆ ಅಂಗೈ ಕೊಟ್ಟು
ಎದೆಗೊತ್ತಿಕೊಂಡು ಹೋದಳು.
ಬಸ್‌ಸ್ಟಾಪಿನಲ್ಲಿ ಯಾರೋ ಕೇಳಿದರಂತೆ:
'ಬೆಕ್ಕಿನ ಮರಿಯಾ?'

ನನ್ನ ಹೆಬ್ಬೆರಳ ಮೇಲೆ ಅಂಟು ಒಣಗಿತ್ತು.
ಕಿತ್ತರೆ ತೆಳ್ಳನೆಯ ಪೊರೆ, ಅದರ ತುಂಬ ನನ್ನ ಗೆರೆಗಳು.
ಇಂಪನಾ ಅದನ್ನು ಇಸ್ಕೊಂಡು
ನೋಟ್‌ಬುಕ್ಕಿನ ಹಾಳೆಗೆ ಒತ್ತಿ, ಕೆಳಗೆ ಬರೆದಳು:
ಅಪ್ಪ ಮಾಡಿದ್ದು.

ಇವತ್ತು ಮಂಗಳವಾರ.
ಭಾಗಾಕಾರ ಇನ್ನೂ ಸ್ವಲ್ಪ ಬಾಕಿ ಇದೆ ಅನ್ನಿಸುತ್ತಿದೆ.
ಅಂಟಿನ ಡಬ್ಬಿ ಕೈಯಲ್ಲಿ ಹಿಡಿದು
ಬೀರುವಿನ ಮುಂದೆ ನಿಂತಿದ್ದೇನೆ.
ಅಂಗಿಗಳ ಹಿಂದೆ ಇನ್ನು ನಡೆಯುವುದಿಲ್ಲ.