ಕಾಲುಮಣೆ

ಗುಳೇದಗುಡ್ಡದ ಮಿಶನ್ ದೇವಾಲಯದಲ್ಲಿ
ಹೊಸ ಸಭಾಪಾಲಕರು ಒಬ್ಬ ಅರಸನ ಕಥೆ ಓದಿದರು.
ಪಟ್ಟ ಸಿಕ್ಕಿ, ಯುದ್ಧಗಳೆಲ್ಲ ಮುಗಿದು,
ಒಂದು ದಿನ ಅವನಿಗೆ ಸತ್ತ ಗೆಳೆಯನ ನೆನಪಾಯಿತಂತೆ.
ಕುರಿ ಕಾಯುತ್ತಿದ್ದ ತನಗೆ
ಮೈಮೇಲಿನ ನಿಲುವಂಗಿ ಬಿಚ್ಚಿ ತೊಡಿಸಿದವನು,
ತನಗೆ ಬರಬೇಕಾದ ಗಾದಿಗೆ ಬೆನ್ನು ಮಾಡಿ
ಹೆತ್ತ ತಂದೆಯ ಈಟಿಗೆ ಎದುರು ನಿಂತವನು.
ಆ ಗೆಳೆಯನಿಗೊಬ್ಬ ಮಗ, ಹೆಳವ.
ಓಡುವ ದಾದಿಯ ಕೈಜಾರಿ ಬಿದ್ದ ಕೂಸು.

ಹಿಂದಿನ ಬೆಂಚಿನಲ್ಲಿ ನಾನು
ಊರುಗೋಲನ್ನು ಮೆಲ್ಲಗೆ ಕೆಳಗೆ ಸರಿಸಿದೆ.
ಯಾರೂ ತಿರುಗಿ ನೋಡಲಿಲ್ಲ.

ನನ್ನ ಅಪ್ಪ ದೇವದಾನ.
ಅವನದೂ ಹುಚ್ಚಪ್ಪ ಕಾಕಾನದೂ
ಒಂದೇ ಪಡಸಾಲೆಯಲ್ಲಿ ಎದುರುಬದುರು ಮಗ್ಗ.
ಮಾತು ಕಡಿಮೆ. ಎಲೆಅಡಿಕೆಯ ಚೀಲ ಒಂದೇ.

ಸಾಹುಕಾರನ ರೇಷ್ಮೆ ಲಡಿ ಕಳುವಾದ ವರ್ಷ
ಎಲ್ಲರ ಬೆರಳೂ ಹುಚ್ಚಪ್ಪನ ಕಡೆ.
ಮುಕಾದಮನೆಂದರೆ ನನ್ನ ಅಜ್ಜ.
"ಅವನ ಹೆಸರು ಹೇಳು, ನಾಳಿಂದ ಮುಕಾದಮಿ ನಿನಗ."
ಅಪ್ಪ ಹೇಳಲಿಲ್ಲ.
ಅಜ್ಜ ಬೀಸಿದ ಗಜಕೋಲು
ಅಪ್ಪನ ಕಿವಿ ಸವರಿ ಗೋಡೆಗೆ ಬಡಿಯಿತು.
ಆ ರಾತ್ರಿ ಬಾದಾಮಿ ದಾರಿಯ ಬಂಡೆಗಳ ಹಿಂದೆ
ಅಡಗಿದ್ದವನಿಗೆ
ತನ್ನ ಕೋಟು, ನಾಲ್ಕು ರೊಟ್ಟಿ, ತನ್ನ ಲಾಳಿ ಕೊಟ್ಟು ಬಂದ.
"ಇಳಕಲ್ಲಿಗೆ ಹೋಗು. ಮಗ್ಗ ಹೆಸರು ಕೇಳೂದಿಲ್ಲ, ಕೈ ನೋಡತೈತಿ."
ಲಾಳಿ ಕೊಟ್ಟ ನೇಕಾರ ಮರುದಿನ ಏನು ನೇಯಬೇಕು?
ಅಷ್ಟು ದೂರ ಅವನು ಯೋಚಿಸಿದಂತಿಲ್ಲ.

ಕಾಮಾಲೆಯಲ್ಲಿ ಅಪ್ಪ ಹೋದಾಗ ನನಗೆ ಐದು.
ನನ್ನನ್ನೆತ್ತಿಕೊಂಡು ಓಡಿದ ಸೋದರತ್ತೆ
ಆಸ್ಪತ್ರೆಯ ಮೆಟ್ಟಿಲಲ್ಲಿ ಮುಗ್ಗರಿಸಿದಳು.
ಅಷ್ಟೇ. ಅದಕ್ಕೆ ಕಥೆ ಇಲ್ಲ.

ಹನ್ನೊಂದು ವರ್ಷದ ಮೇಲೆ
ಇಳಕಲ್ಲಿನ ಬಸ್ಸಿಳಿದು ಒಬ್ಬ ಕಂಪೌಂಡಿಗೆ ಬಂದ,
ಕಟ್ಟೆಯವರನ್ನು ಕೇಳಿದ:
"ದೇವದಾನನ ಪೈಕಿ ಯಾರರ ಅದಾರೇನ್ರಿ?"
"ಅದಾನೊಬ್ಬ ಮಗ. ಏನ್ ಮಾಡತೀರಿ, ಕಾಲಿಲ್ಲ ಅವಗ."
"ನಾ ಕಾಲು ಕೇಳಲಿಲ್ಲಲ್ಲ" ಅಂದನಂತೆ.
ಕೋಟು ಎಂದೋ ಹರಿದುಹೋಗಿತ್ತು.
ಅದರದೊಂದು ಗುಂಡಿ ಅವನ ಉಡಿದಾರದಲ್ಲಿತ್ತು.

ಕುಣಿಮಗ್ಗಕ್ಕೆ ಕಾಲು ಬೇಕು.
ಕಾಲುಮಣೆ ತುಳಿಯದೆ ಹಾಸು ಬಾಯಿ ಬಿಡುವುದಿಲ್ಲ.
ಕಾಕಾ ನನ್ನನ್ನು ಕುಣಿಯ ಅಂಚಿಗೆ ಕೂರಿಸಿ
ಪಕ್ಕದಲ್ಲಿ ತಾನೂ ಕಾಲು ಇಳಿಬಿಟ್ಟ.
ನಾನು ಲಾಳಿ ಒಗೆದೆ, ಅವನು ತುಳಿದ.
ಕೈ ನನ್ನವು, ಕಾಲು ಅವನವು, ಖಣ ಒಂದು.
ತಾಳ ತಪ್ಪಿ ಎಳೆ ಹರಿದಾಗ
"ಗಂಟ ಹಾಕು" ಅನ್ನುತ್ತಿದ್ದ. ಬೇರೆ ಉಪದೇಶವಿಲ್ಲ.
ನಾಲ್ಕು ವರ್ಷ ಅವನ ಮಗ್ಗ ಧೂಳು ತಿಂದಿತು.

ಶಿವಲೀಲಕ್ಕ ಮೊದಲ ದಿನ
ನನ್ನ ತಾಟು ಬಾಗಿಲ ಬಳಿ ಬೇರೆ ಇಟ್ಟಳು.
ಕಾಕಾ ಮಾತಾಡದೆ ತನ್ನ ತಾಟನ್ನೂ ಅಲ್ಲಿಗೆ ಒಯ್ದ.
ಎರಡನೆಯ ದಿನವೂ.
ಮೂರನೆಯ ದಿನ ಮಕ್ಕಳ ತಾಟು, ರೊಟ್ಟಿಬುಟ್ಟಿ,
ಪುಂಡಿಪಲ್ಯದ ಗಡಿಗೆ, ಕೊನೆಗೆ ಅಕ್ಕನೂ
ಬಾಗಿಲ ಬಳಿಗೇ ಬಂದರು.

ಈಗ ಅವನ ಮಂಡಿಯೂ ಸೋತಿದೆ.
ಪ್ರಾರ್ಥನೆ ಮುಗಿಸಿ ಹೋಗಿ, ಹಾಸಿಗೆಯ ಬಳಿ ಕೂತು
ಆ ಕಥೆಯನ್ನು ಪೂರಾ ಹೇಳಿದೆ.
ಹೆಳವನನ್ನು ಅರಸ ಕರೆಸಿದ್ದು,
ಹೊಲ ಮರಳಿಸಿದ್ದು, ದಿನವೂ ತನ್ನ ಪಂಕ್ತಿಯಲ್ಲೇ ಉಣಿಸಿದ್ದು.
ಹಿಗ್ಗುತ್ತಾನೆಂದುಕೊಂಡಿದ್ದೆ.

ಸೂರು ನೋಡುತ್ತ ಬಹಳ ಹೊತ್ತು ಮಲಗಿದ್ದ.
ಬೆರಳು ಉಡಿದಾರ ತಡಕಿತು.
"ಆ ರಾಜಾ," ಕೇಳಿದ,
"ಹುಡುಗನ್ನ ಹುಡಕಾಕ ಎಷ್ಟು ವರ್ಷ ತಡಾ ಮಾಡಿದ?"

"ಭಾಳ ವರ್ಷ, ಕಾಕಾ."

"ಅವನೂ," ಅಂದ,
ಗೋಡೆಯ ಕಡೆ ಹೊರಳಿದ.