ಸಂಖ್ಯೆ ೪೧೭

ಹಲಗೆಯನ್ನು ಮೊದಲು ನೆಲಕ್ಕಿಟ್ಟು
ಅಲುಗುತ್ತದೆಯೇ ನೋಡಬೇಕು.
ಮಕಂಜಿರದ ದಡದಲ್ಲಿ ಎಲ್ಲ ಮರಳು, ಎಲ್ಲವೂ ಅಲುಗುತ್ತದೆ.
ಆಮೇಲೆ ನೆತ್ತಿ ಇತ್ತ, ಅಂಗಾಲು ಅತ್ತ,
ಮೊಣಕಾಲ ಮೇಲೆ ಅಂಗೈ, ಒತ್ತಿಯೂ ಒತ್ತದ ಹಾಗೆ.
ಎರಡು ಸಲ ಅಳೆಯಬೇಕು.
ಎರಡು ಸಲ ಅಳುತ್ತವೆ.

ಆರುನೂರು ಮಕ್ಕಳು, ಇಪ್ಪತ್ತನಾಲ್ಕು ತಿಂಗಳು,
ಒಂದು ಸೈಕಲ್ಲು, ಬೆನ್ನಿಗೆ ಕಟ್ಟಿದ ಹಲಗೆ.
ಅದನ್ನು ಹೆಣದ ಪೆಟ್ಟಿಗೆಯ ಮುಚ್ಚಳವೆಂದು ತಿಳಿದು
ಒಂದೂರಲ್ಲಿ ಗಂಡಸರು ದಾರಿ ಬಿಟ್ಟು, ಇಳಿದು ನಿಂತಿದ್ದರು.

೪೧೭ ಹುಟ್ಟಿದ್ದು ಎಂಟನೇ ತಿಂಗಳಿಗೆ,
ಸಾವಿರದ ಏಳುನೂರು ಗ್ರಾಂ.
ಹೆಸರು ಬರೆಯಬಾರದು, ಗುಟ್ಟು, ಅದು ನಿಯಮ.
ಎಡಕಿವಿಯ ಅಂಚು ಎಲೆಯ ತುದಿಯಂತೆ ಮಡಚಿತ್ತು;
ಬರೆಯಲು ಜಾಗವಿರಲಿಲ್ಲ, ನೆನಪಿಟ್ಟುಕೊಂಡೆ.
ಅಜ್ಜಿ ಅಬೀತಿ ಸೈದಿ ಕೂಸನ್ನು ಬರಿಯೆದೆಗೆ ಕಟ್ಟಿಕೊಂಡು
ಮೇಲೊಂದು ಚಿತೆಂಜೆ ಬಟ್ಟೆ ಬಿಗಿದು
ಮೀನು ಒಣಹಾಕುತ್ತಿದ್ದಳು.
"ಬಸಿರು ಅರ್ಧಕ್ಕೆ ಬಿಟ್ಟ ಕೆಲಸ,
ನಾನು ಮುಗಿಸುತ್ತಿದ್ದೇನೆ" ಅಂದಳು.

ಹತ್ತನೇ ತಿಂಗಳು ತೋಳಿನ ಪಟ್ಟಿ ಕೆಂಪಿಗೆ ಬಂತು.
ನೂರ ಹನ್ನೆರಡು ಮಿಲಿಮೀಟರು,
ನನ್ನ ಸೈಕಲ್ಲಿನ ಹಿಡಿಕೆಗಿಂತ ತುಸು ದಪ್ಪ.
ಚೀಟಿ ಬರೆದುಕೊಟ್ಟೆ. ಆಸ್ಪತ್ರೆಯಿಂದ ಶೇಂಗಾ ಮುದ್ದೆಯ ಪೊಟ್ಟಣಗಳು.
ಅರ್ಧ ಅವಳ ಅಕ್ಕ ತಿಂದಳು. ಅದನ್ನೂ ನಾನು ಬರೆಯಲಿಲ್ಲ.

ಪ್ರಶ್ನೆ ಮೂವತ್ತೊಂದು:
ತಾಯಿ ಮನೆಯಲ್ಲಿಲ್ಲದಾಗ ಮಗುವನ್ನು ನೋಡಿಕೊಳ್ಳುವವರು ಯಾರು?
ಒಂದಕ್ಕೆ ಮಾತ್ರ ಗುರುತು ಹಾಕಿ.
"ಬೆಳಿಗ್ಗೆ ನಾನು. ನಾನು ದಡಕ್ಕೆ ಹೋದರೆ ಇದರ ಅಕ್ಕ ರುಕಿಯಾ.
ಅವಳಿಗೆ ಆಟ ನೆನಪಾದರೆ ಪಕ್ಕದ ಮನೆಯವಳು.
ಅವಳು ಗೊಣಗಿದರೆ ಆ ಬೋಬಾಬ್ ಮರದ ನೆರಳು.
ನೆರಳು ಸರಿದರೆ ಮಗುವೂ ಅದರ ಹಿಂದೆ ಸರಿಯುತ್ತೆ,
ತೆವಳಲು ಕಲಿತದ್ದೇ ಹಾಗೆ.
ಯಾವುದಕ್ಕೆ ಹಾಕ್ತೀಯೋ ಹಾಕು."
'ಇತರೆ'ಗೆ ಹಾಕಿದೆ.

ಹದಿನಾಲ್ಕನೇ ತಿಂಗಳು ಹೋದಾಗ
ಮನೆಗೆ ಬೀಗವಿರಲಿಲ್ಲ, ಬಾಗಿಲೇ ಇರಲಿಲ್ಲ.
ಕಿತ್ತು ದೋಣಿಗೆ ಹಾಕಿಕೊಂಡು ಹೋಗಿದ್ದರು, ಸರೋವರದಾಚೆ.
ಯಾವ ಆಚೆ ಎಂದರೆ ನೆರೆಯವರು ಕೈ ಬೀಸಿದರು, ಅಷ್ಟೂ ನೀರಿನ ಮೇಲೆ.
ಮೂರು ಸಲ ಹೋಗಿ ನೋಡಬೇಕೆಂದು ನಿಯಮ.
ಐದು ಸಲ ಹೋದೆ.

ಕಚೇರಿಯಲ್ಲಿ ಅದಕ್ಕೊಂದು ಮಾತಿದೆ: ಕೈತಪ್ಪಿದ ಮಗು.
ಯಾರ ಕೈ?
ನಕ್ಷೆಯಲ್ಲಿ ಅವಳ ಗೆರೆ ಹದಿಮೂರಕ್ಕೆ ನಿಂತಿತು,
ಮಾತಿನ ನಡುವೆ ಎದ್ದು ಹೋದವರ ಹಾಗೆ.
ಲೇಖನ ಅಚ್ಚಾಯಿತು. ಅಡಿಟಿಪ್ಪಣಿಯಲ್ಲಿ
ಕೈತಪ್ಪಿದವರು ಐವತ್ತೆರಡು, ಅವಳೂ ಸೇರಿ.
ಕೊನೆಯ ಪುಟದ ಕೃತಜ್ಞತೆಯಲ್ಲಿ ನಾನೂ ಇದ್ದೆ,
ಹೆಸರಿನ ಒಂದಕ್ಷರ ಬಿಟ್ಟುಹೋಗಿ.

ಎಂಟು ವರ್ಷದ ಮೇಲೆ, ನ್ಖೊಟಕೊಟದ ಸಂತೆ.
ಒಣ ಉಸಿಪಾ ಮೀನಿನ ರಾಶಿಯ ಹಿಂದೆ ಒಬ್ಬ ಹುಡುಗಿ,
ಬೆನ್ನಲ್ಲಿ ನಿದ್ದೆಹೋದ ಒಂದು ಕೂಸು.
ಮಡಚಿದ ಎಡಕಿವಿ.
ಹೆಸರು ಕೇಳಿದೆ. "ಅಲಿನಾಫೆ."
'ನಮ್ಮೊಂದಿಗಿದ್ದಾನೆ' ಎಂದರ್ಥ. ದೇವರನ್ನು ಕುರಿತದ್ದು.
ಆದರೂ ಮೀನಿನ ಬೆಲೆ ಕೇಳಿದ್ದು ಮರೆತು ಮತ್ತೆ ಕೇಳಿದೆ.

ಅಜ್ಜಿ?
"ಹೋದಳು, ಹೋದ ಮಳೆಗೆ ಮುಂಚೆ."
ಬೆನ್ನಲ್ಲಿರುವುದು ಯಾರು?
"ಅಕ್ಕನ ಮಗು. ಅಕ್ಕ ಇಲ್ಲದಾಗ ನಾನೇ."

ಚೀಲದಲ್ಲಿ ಈಗಲೂ ಒಂದು ಪಟ್ಟಿ ಇರುತ್ತದೆ, ಅಭ್ಯಾಸಕ್ಕೆ.
ಕೂಸಿನ ಜೋತ ತೋಳಿಗೆ ಸುತ್ತಿದೆ: ಹಸಿರು, ನೂರ ನಲವತ್ತು.
ಅದು ಅಳಲಿಲ್ಲ. ಅವಳು ಮಾತ್ರ ನನ್ನ ಕೈಯನ್ನೇ ಕಾಯುತ್ತಿದ್ದಳು,
ಕಳ್ಳಿಯ ಕೈಯನ್ನು ಕಾಯುವ ಹಾಗೆ.

ಎರಡು ಬಟ್ಟಲು ಉಸಿಪಾ ತೆಗೆದುಕೊಂಡೆ.
ಬೆರಳು ಮಡಿಸದೆ, ತುಟಿ ಅಲ್ಲಾಡಿಸದೆ,
ಮನಸ್ಸಿನಲ್ಲೇ ಲೆಕ್ಕ ಹಾಕಿ ಚಿಲ್ಲರೆ ಕೊಟ್ಟಳು.
ದೋಣಿಯಲ್ಲಿ ಕೂತು ಎಣಿಸಿದೆ.
ನಿಯಮದಂತೆ ಎರಡು ಸಲ.
ಐವತ್ತು ಕ್ವಾಚಾ ಕಡಿಮೆ.